ಗ್ವಾಡಿಗೆ ಟಿವಿ ಹಚ್ಚಾವನ ಗೋಳು

ನೆಲದ ಮ್ಯಾಲ ಇಟ್ಟ ಟಿವಿದು ಯಾರಿಗೂ ತಕರಾರಿಲ್ರಿ. ಗ್ವಾಡಿ ಏರಿತಂದ್ರ ಮುಗೀತು, ಮನ್ಯಾಗ ತಲಿಗೊಂದು ಮಾತು ಸುರು ಆಗತಾವ. ನಾನು ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಮನಿಮನಿಗೆ ಹೋಗಿ ಸ್ಟ್ಯಾಂಡ್ ಬಡದು ಟಿವಿ ಹಚ್ಚಾವ. ಯಾವ ಗ್ವಾಡಿಗೆ ಯಾವ ಸ್ಟ್ಯಾಂಡ್ ಅಂತ ಹೇಳಿ ಹೇಳಿ ಗಂಟಲಾ ಹರದು ಹೋತು, ಕೇಳಾವರು ಒಬ್ಬರೂ ಇಲ್ಲ.

ನಮ್ಮನ್ಯಾಗರ ಕೇಳ್ತಾರೇನು? ಮಸ್ಕಿಯಾಗ ನಮ್ಮದು ಹಳೇ ಮಣ್ಣಿನ ಗ್ವಾಡಿ. ಅದಕ್ಕ ನಮ್ಮ ಟಿವಿ ಜ್ವಾಳದ ಡ್ರಮ್ಮಿನ ಮ್ಯಾಲ ಕುಂತಿತ್ತು. ಮಗಳನ್ನ ನೋಡಾಕ ಬಂದಾವರು ಅದನ್ನ ನೋಡಿ, ಒಬ್ಬರ ಮಾರಿ ಒಬ್ಬರು ನೋಡಿ ನಕ್ಕೊಂತ ಹೋದ್ರು, ತಿರುಗಿ ಬರಲಿಲ್ಲ. ಅವತ್ತಿಂದ ಹೆಂಡ್ತಿದು ಒಂದ ಹಾಡು: 'ಊರಾನ ಟಿವಿ ಎಲ್ಲಾ ಗ್ವಾಡಿ ಮ್ಯಾಲ, ನಮ್ಮದು ಜ್ವಾಳದ ಮ್ಯಾಲ. ಹಿಂಗಾದ್ರ ಮಗಳ ಮದುವಿ ಆದ್ಹಂಗ!'

ತೂತು

ಸಂತೆಕಲ್ಲೂರಾಗ ಒಂದು ಅಣ್ಣತಮ್ಮರ ಮನಿ. ಪಾಲಾಗಿ ನಡುವ ತೆಳ್ಳನ ಇಟ್ಟಂಗಿ ಗ್ವಾಡಿ ಎಬ್ಬಿಸ್ಯಾರ. ಇಬ್ಬರ ನಡುವ ಬೈಗಳ ಬಿಟ್ರ ಬ್ಯಾರೆ ಮಾತಿಲ್ಲ. ಅಣ್ಣಗ ಅದ ಗ್ವಾಡಿಗೇ ಟಿವಿ ಬೇಕು.

'ಯಜಮಾನ್ರ, ಇದು ತಡಿಯಂಗಿಲ್ರಿ' ಅಂದೆ.

'ನನ್ನ ಗ್ವಾಡಿ, ನನ್ನ ಟಿವಿ. ನೀ ಡ್ರಿಲ್ ಹಿಡಿ' ಅಂದ.

ಹಿಡದೆ. ಡ್ರಿಲ್ ಸುಂಯ್ ಅಂತ ಆಕಡೆ ಹೊಂಟಿತು. ತಮ್ಮನ ಹೆಂಡ್ತಿ ಚೀರಿದ್ಳು: 'ಯವ್ವಾ, ಸಾರಿನ್ಯಾಗ ಇಟ್ಟಂಗಿ ಪುಡಿ ಬಿತ್ತು!' ತಮ್ಮ ಬಂದು ತೂತಿಗೆ ಬಾಯಿ ಹಚ್ಚಿ ಬೈಯಾಕ ಹತ್ತಿದ. ಅಣ್ಣ ಈಕಡೆಯಿಂದ ಹತ್ತಿದ. ನಡುವ ನಾನು, ಕೈಯಾಗ ಡ್ರಿಲ್, ತಲಿ ತುಂಬ ಧೂಳ. ಕಡೀಕ ಸಿಮೆಂಟ್ ಕಲಿಸಿ ಮುಚ್ಚಾಕ ಹೋದ್ರ ಅಣ್ಣ ನನ್ನ ಕೈ ಹಿಡದ.

'ಇರಲಿ ಬಿಡೋ. ಬೈಯಾಕ ಬಿಸಲಾಗ ಹೊರಗ ಹೋಗೋದು ತಪ್ಪಿತು.'

ಕಿವಿ

ಸಿಂಧನೂರಾಗ ಒಬ್ಬ ಭತ್ತದ ವ್ಯಾಪಾರಿ. ಎಡಕ್ಕೂ ಬಲಕ್ಕೂ ತಿರುಗೋ ಸ್ಟ್ಯಾಂಡ್ ಬೇಕಂದ. 'ಮನ್ಯಾಗ ಎಷ್ಟ ಮಂದಿ ನೋಡ್ತಾರ್ರಿ?' ಅಂದೆ. 'ನಮ್ಮವ್ವ ಪಡಸಾಲ್ಯಾಗ, ನನ್ನ ಹೆಂಡ್ತಿ ಅಡಗಿಮನ್ಯಾಗ' ಅಂದ. ಜಗಳ ಆಗತಾವ, ಬ್ಯಾಡ್ರಿ ಅಂದ್ರೂ ಕೇಳಲಿಲ್ಲ.

ಅತ್ತಿ ತನ್ನಕಡೆ ಎಳಿಯೋದು, ಸೊಸಿ ತನ್ನಕಡೆ ಎಳಿಯೋದು. ಗಂಡ ಹೆಂಡ್ತಿ ಜಗಳದಾಗ ಕೂಸು ಬಡವಾತು ಅಂತಾರಲ್ಲ, ಇಲ್ಲಿ ಸ್ಟ್ಯಾಂಡ್ ಬಡವಾತು. ನಟ್ಟು ಬಿಗಿ ಮಾಡಾಕ ಹೋಗಿ ಹೋಗಿ ನನಗ ಸಾಕಾಗಿ ಹೋತು. 'ಹೋಗ್ಲಿ, ನಿಮಗರ ಚಲೋ ಕಾಣತೈತೇನ್ರಿ?' ಅಂತ ನಡುವ ಕುಂತ ವ್ಯಾಪಾರೀನ ಕೇಳಿದೆ.

'ನನಗೇನು ಕಾಣತೈತೋ ತಮ್ಮಾ' ಅಂದ ಪಾಪ, 'ಆಕಡೆ ತಿರುಗಿದ್ರೂ ಈಕಡೆ ತಿರುಗಿದ್ರೂ ಬರೇ ಟಿವಿ ಕಿವಿ.'

ಜಾಗ

ಗುರುಗುಂಟಾದಾಗ ಕುರಿ ಸಾಕೋ ಮನಿ. ಹುಡುಗ್ರ ಕೈಗೆ ಸಿಗಬಾರದು, ಎತ್ತರಕ್ಕ ಹಚ್ಚು ಅಂದ್ರು. ಎತ್ತರಕ್ಕ ಹಚ್ಚಿದ್ರ ಟಿವಿ ಮಾರಿ ಮುಂದಕ್ಕ ಬಾಗಿರಬೇಕು, ಇಲ್ಲಾಂದ್ರ ನೋಡಾವರ ಕುತ್ತಿಗಿ ಹಿಡೀತಾವ. ಅದಕ್ಕ ಬಾಗೋ ಸ್ಟ್ಯಾಂಡ್ ಹಾಕಿದೆ. ಮಗ್ಗಲಕ ಸತ್ತ ಯಜಮಾನನ ಫೋಟೋ, ಅದೂ ಹಂಗ ಬಾಗಿತ್ತು. ಜೋಡಿ ಚಂದ ಕಂಡಿತು.

ಆ ಯಜಮಾನನ ಹೆಂಡ್ತಿ, ಮುದುಕಿ ಅಜ್ಜಿ, ಕುರಿ ಹೊಡಕೊಂಡು ಬಂದಾಕಿ ಬಾಗಲದಾಗ ನಿಂತು ನೋಡಿದ್ಳು. ಕೈಯಾನ ಕೋಲು ಎತ್ತೇ ಬಿಟ್ಳು.

'ತಗೀಲೇ ಮಗನ! ಅವರ ಮಗ್ಗಲದಾಗ ಅದು ನನ್ನ ಜಾಗ ಐತಿ. ನಾ ಇನ್ನ ಹೋಗಿಲ್ಲ!'

ನಮ್ಮನಿ

ಅಜ್ಜಿ ತಗಸಿದ ಆ ಬಾಗೋ ಸ್ಟ್ಯಾಂಡ್ ನನ್ನ ಚೀಲದಾಗ ಉಳೀತು. ಅಷ್ಟರಾಗ ಮಗಳನ್ನ ನೋಡಾಕ ಲಿಂಗಸುಗೂರಿಂದ ಬ್ಯಾರೆ ಮಂದಿ ಬರ್ತಾರಂತ ಸುದ್ದಿ ಬಂತು. 'ಅವರು ಬರೋದ್ರಾಗ ಟಿವಿ ಗ್ವಾಡಿ ಏರಬೇಕು. ಇಲ್ಲಾ, ನೀ ಮನಿ ಇಳೀಬೇಕು' ಅಂದ್ಳು ಹೆಂಡ್ತಿ.

'ಮಣ್ಣಿನ ಗ್ವಾಡಿ ಐತಿ, ತಡಿಯಂಗಿಲ್ಲ' ಅಂದೆ. ಊರಿಗೆಲ್ಲಾ ಹೇಳಿದ ಮಾತು ಮನ್ಯಾಗೂ ಹೇಳಿದೆ, ಇಲ್ಲೂ ಯಾರೂ ಕೇಳಲಿಲ್ಲ. ತೂತು ಹಾಕಿದ್ರ ಬುಟ್ಟಿ ಮಣ್ಣು ಉದುರಿತು. ಕಟಗಿ ಗೂಟ ಬಡದು, ಶಿವಶಿವಾ ಅಂತ ಹೆಂಗೋ ಟಿವಿ ಏರಿಸಿದೆ. ಅದು ಪೂರಾ ಮುಂದಕ್ಕ ಬಾಗಿ ನಿಂತಿತು. ಮ್ಯಾಲ ಮಣ್ಣು ಉದುರಿದ್ದು ಕಾಣಬಾರದಂತ ಹೆಂಡ್ತಿ ಅದರ ಸುತ್ತ ಚೆಂಡು ಹೂವಿನ ಮಾಲಿ ಇಳಿಬಿಟ್ಳು.

ಹುಡುಗ, ಅವರಪ್ಪ, ಅವರಜ್ಜಿ ಬಂದ್ರು. ಅಜ್ಜಿಗೆ ಕಣ್ಣು ಮಂಜು. ಕುಂದರಾಕ ಹೋದಾಕಿ ಗ್ವಾಡಿ ನೋಡಿದ್ಳು. ಬಾಗೈತಿ, ಕರ್ರಗೈತಿ, ಮಾಲಿ ಹಾಕೈತಿ. ಪಾಪ, ಎರಡೂ ಕೈ ಮುಗದ್ಳು.

'ಎಷ್ಟ ದೊಡ್ಡ ಫೋಟೋ ಮಾಡಿಸಿರವ್ವ! ಯಾರಿವರು? ಯಾವಾಗ ಹೋದ್ರು?'

ಹೆಂಡ್ತಿ ನನ್ನ ಮಾರಿ ನೋಡಿದ್ಳು. 'ಇನ್ನ ಹೋಗಿಲ್ರಿ ಅಜ್ಜಿ. ನೀವು ಎದ್ದು ಹೋದಮ್ಯಾಲ ಹೋಗ್ತಾರ.'

ಒಳಗಿಂದ ಮಗಳು ಕಿಸಕ್ಕನ ನಕ್ಕಳು. ಹುಡುಗನೂ ನಕ್ಕ. ಅವರಪ್ಪ ಮಾತ್ರ ನಗಲಿಲ್ಲ. ಗ್ವಾಡಿ ನೋಡಿದ, ನನ್ನ ನೋಡಿದ, ಮತ್ತ ಗ್ವಾಡಿ ನೋಡಿದ. ಮುಗೀತು, ಈ ಸಂಬಂಧಾನೂ ಹೋತು ಅನ್ಕೊಂಡೆ. ನನ್ನ ಕೈಯಾರ ನನ್ನ ಮಗಳ ಬಾಳೇವು ಕೆಡಿಸಿದ್ನಲ್ಲಪ್ಪಾ ಅಂತ ಕಣ್ಣಾಗ ನೀರು ಬಂದವು.

ಹೋಗೋ ಮುಂದ ಆತ ನನ್ನ ಬಾಗಲ ಹೊರಗ ಕರದ.

'ಹುಡುಗಿ ನಮಗ ಪಸಂದ ಆಗ್ಯಾಳ್ರಿ. ಆದ್ರ ಒಂದ ಶರತ್ತು.'

'ಏನಿದ್ರೂ ಹೇಳ್ರಿ' ಅಂದೆ.

'ಬೀಗರಾಗಿ ನಮ್ಮನಿಗೆ ಯಾವಾಗರ ಬರ್ರಿ, ಉಣ್ರಿ, ಇರ್ರಿ. ಡ್ರಿಲ್ ಮಾತ್ರ ತರಬ್ಯಾಡ್ರಿ.'