ಅತ್ತೆ ಮೆಚ್ಚದ ಖಾನಾವಳಿ

ಅಡುಗೆ ಮಾಡಿ ಬದುಕುವವರ ಸುತ್ತ ತಮಾಷೆಯ ಪ್ರಸಂಗಗಳು ಕರೆಯದೆಯೇ ಬಂದು ಪಂಕ್ತಿಯಲ್ಲಿ ಕೂರುತ್ತವೆ. ಮನೆಯಲ್ಲಿ ನನ್ನ ಅತ್ತೆಯಂಥವರೊಬ್ಬರು ಇದ್ದರಂತೂ ಒಂದು ಎದ್ದು ಕೈ ತೊಳೆಯುವುದರೊಳಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಖಾನಾವಳಿ ಇದೆ. ಮೊದಲು ರೊಟ್ಟಿ ಬಡಿದು ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದವಳು ನಾನು. ಶಾಲೆಯ ಮುಖ ಸರಿಯಾಗಿ ಕಂಡವಳಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಸ್ಸುಗಳ ಬೋರ್ಡು ನೋಡಿ ನೋಡಿಯೇ ಅಕ್ಷರ ಕಲಿತೆ. ಈಗ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇನೆ, ಖಾನಾವಳಿಯನ್ನೂ ಯಾರ ಹಂಗಿಲ್ಲದೆ ನಡೆಸುತ್ತೇನೆ. ಸೊಲ್ಲಾಪುರದ ಲಾರಿಯವರು, ಹೈದರಾಬಾದಿನ ವ್ಯಾಪಾರಿಗಳು ಉಂಡು ಹೊಗಳಿ ಹೋಗಿದ್ದಾರೆ. ಹೊಗಳದೆ ಉಳಿದವರು ಒಬ್ಬರೇ, ಬಸವಕಲ್ಯಾಣದಲ್ಲಿ ಹಿರಿಯ ಮಗನ ಮನೆಯಲ್ಲಿದ್ದ ನನ್ನ ಅತ್ತೆ. ಅವರ ಬಾಯಿಂದ ಒಂದು ಸಲವಾದರೂ 'ಚಲೋ ಆಗ್ಯಾದ' ಅನ್ನಿಸಿಕೊಳ್ಳಬೇಕು ಎಂಬುದು ನನ್ನ ಹಠ. ಅನ್ನಬಾರದು, ಏನಾದರೊಂದು ಕೊರತೆ ತೆಗೆದು ಹೆಸರಿಡಬೇಕು ಎಂಬುದು ಅವರ ಹಠ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನಾನಿನ್ನೂ ಸೋಲು ಒಪ್ಪಿಲ್ಲ.

ಬುತ್ತಿ

ಖಾನಾವಳಿ ಶುರುವಾದ ಹೊಸದರಲ್ಲಿ ಅತ್ತೆ ನೋಡಲು ಬಂದರು. ಕೈಯಲ್ಲಿ ಬಟ್ಟೆಯ ಗಂಟು. ನನಗೇನೋ ತಂದಿದ್ದಾರೆ ಅಂದುಕೊಂಡೆ. ಅವರು ನೇರ ಹೋಗಿ ಬಾಗಿಲ ಎದುರಿನ ಟೇಬಲ್ಲಿಗೆ ಕೂತು ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸೊಸೆಯ ಖಾನಾವಳಿಯಲ್ಲಿ ಕೂತು ಸ್ವಂತ ಬುತ್ತಿ ಉಣ್ಣತೊಡಗಿದರು.

ಪಕ್ಕದ ಗಿರಾಕಿ ಕೇಳಿದ, "ಯಾಕ ಅಜ್ಜಿ, ಇಲ್ಲಿ ಊಟ ಚಲೋ ಇರಂಗಿಲ್ಲೇನ್ರಿ?"

"ನನಗ ಹ್ಯಾಂಗ ಗೊತ್ತಪಾ? ನಾ ಉಂಡರ ಗೊತ್ತಾಗಬೇಕು. ಹಿಡಿ, ಇದನ್ನ ತಿಂದು ನೋಡು."

ಅವನು ತಿಂದ. ಅವನ ಪಕ್ಕದವನು ಕೈ ಚಾಚಿದ. ಅತ್ತೆ ಎದ್ದು ಟೇಬಲ್ಲಿನಿಂದ ಟೇಬಲ್ಲಿಗೆ ಪುಂಡಿ ಪಲ್ಯ ಬಡಿಸುತ್ತ ಹೋದರು. ಎಲ್ಲರೂ ಬೆರಳು ನೆಕ್ಕಿದರು. ನನ್ನ ಪಲ್ಯ ಒಲೆಯ ಮೇಲೆ ಹಾಗೇ ಕೂತಿತ್ತು, ನಾನು ಅದರ ಪಕ್ಕದಲ್ಲಿ.

ಹೊರಡುವಾಗ ಅತ್ತೆ ನನ್ನ ತಲೆ ಸವರಿದರು. "ನಾ ಸುಮ್ಮ ಕಾಳಜಿ ಮಾಡಿದ್ದೆ ನೋಡು ಸಣ್ಣಾಕಿ. ಮಂದಿ ನಿನ್ನ ಖಾನಾವಳ್ಯಾಗ ಇಷ್ಟು ಖುಷೀಲೆ ಉಣ್ಣತಾರ ಅಂತ ಗೊತ್ತಿರಲಿಲ್ಲ."

ಸಿಟ್ಟಿನ ಬಸ್ಸು

ಬಸ್ಸಿಗೆ ಟಿಕೀಟಿನ ದುಡ್ಡು ಕೊಡಬೇಕಿದ್ದ ಕಾಲದಲ್ಲಿ ಅತ್ತೆ ಸಿಟ್ಟನ್ನು ನುಂಗಿಕೊಂಡು ಮನೆಯಲ್ಲೇ ಇರುತ್ತಿದ್ದರು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತು ನೋಡಿ, ಸಿಟ್ಟಿಗೆ ಕಾಲು ಬಂತು. ಬಸವಕಲ್ಯಾಣದಲ್ಲಿ ಹಿರಿಯ ಸೊಸೆಯ ಚಹಾ ತಣ್ಣಗಿದ್ದರೆ ಮಧ್ಯಾಹ್ನಕ್ಕೆ ಹುಮನಾಬಾದಿಗೆ ಹಾಜರು. ಇಲ್ಲಿ ನನ್ನ ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಸಂಜೆಗೆ ವಾಪಸು.

ಆ ದಾರಿಯ ಕಂಡಕ್ಟರನಿಗೆ ನಮ್ಮ ಮನೆಯ ಸುದ್ದಿ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅತ್ತೆ ಯಾವ ದಿಕ್ಕಿಗೆ ಹೊರಟಿದ್ದಾರೆ ನೋಡಿಯೇ ಅವನು ತೀರ್ಪು ಕೊಡುತ್ತಿದ್ದ.

"ಹುಮನಾಬಾದಿಗೇನ್ರಿ ಅಮ್ಮಾ? ಅಂದ್ರ ಇವತ್ತ ಹಿರೇ ಸೊಸಿದು ತಪ್ಪು."

"ಹೌದಪಾ. ನೀ ಒಬ್ಬಾಂವ ತಿಳಕೊಂಡಿ."

ಒಂದು ದಿನ ಬಸ್ಸು ಎರಡೂ ಊರಿನ ನಡುವಿನ ರಾಜೇಶ್ವರದಲ್ಲಿ ನಿಂತಾಗ ಅತ್ತೆ ಗಂಟು ಹಿಡಿದು ಎದ್ದರು. ಅಲ್ಲಿ ಅವರ ತಂಗಿಯ ಮನೆ. ಕಂಡಕ್ಟರ್ ಗಾಬರಿಯಾದ. "ಅಮ್ಮಾ, ಇದು ರಾಜೇಶ್ವರರಿ. ಇಲ್ಯಾಕ ಇಳ್ಯಾಕತ್ತೀರಿ?"

"ಗೊತ್ತದ ಇಳಿಸಪಾ. ಇವತ್ತ ಇಬ್ಬರ ಮ್ಯಾಲೂ ಸಿಟ್ಟದ."

ಕೊಹಿನೂರಿನ ಬೇಳೆ

ಕೊಹಿನೂರಿನಲ್ಲಿ ನಮ್ಮ ಸಂಬಂಧಿಕರ ಮನೆಯ ಮದುವೆ. ಅಡುಗೆಯ ಜವಾಬ್ದಾರಿ ನನ್ನದು. ಇಡೀ ಬಳಗದ ಎದುರು ಅತ್ತೆ ಹೇಗೆ ಮೆಚ್ಚದೆ ಇರುತ್ತಾರೆ ನೋಡೋಣ ಅಂತ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಅತ್ತೆ ಮೊದಲ ಪಂಕ್ತಿಯಲ್ಲೇ ಕೂತರು. ನಾನು ಕಂಬದ ಮರೆಯಿಂದ ಅವರ ಬಾಯನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಎದುರು ಕೂತಿದ್ದ ಗಂಡಿನ ಕಡೆಯವನೊಬ್ಬ ಜೋರಾಗಿ, "ಏನ್ರಿ ಈ ಬ್ಯಾಳಿ, ಬರೇ ನೀರು!" ಅಂದ.

ಅತ್ತೆ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟರು. "ಯಾಂವಪಾ ನೀ?"

"ಗಂಡಿನ ಕಡಿಯಾಂವರಿ."

"ಅಕಿ ನನ್ನ ಸೊಸಿ. ಅಕಿ ಅಡಿಗೀಗಿ ಹೆಸರಿಡಾಕ ನಾ ಇಲ್ಲಿ ಜೀವಂತ ಕುಂತೀನಿ. ಇಷ್ಟು ವರ್ಷ ಒಬ್ಬಾಕೀನೇ ಹೆಸರಿಟ್ಟೀನಿ, ಯಾರನ್ನೂ ಕೂಲಿಗಿ ಕರೆದಿಲ್ಲ. ನೀ ಏನ್ ಅಕಿ ಅತ್ತಿಯೇನು?"

ಅತ್ತೆ ಎದ್ದು, ಬಡಿಸುವವನ ಕೈಯಿಂದ ಸೌಟು ಕಸಿದು, ಗಂಡಿನ ಕಡೆಯವನ ಎಲೆಗೆ ಮೂರು ಸೌಟು ಬೇಳೆ ಸುರಿದು ಅವನ ತಲೆಯ ಮೇಲೆಯೇ ನಿಂತರು. "ಉಣ್ಣು. ಈಗ ಹೇಳು, ಹ್ಯಾಂಗದ?"

"ಭಾಳ ಚಲೋ ಅದರಿ."

ನನ್ನ ಕಣ್ಣು ತುಂಬಿ ಬಂತು. ಅತ್ತೆ ಸೌಟು ತಿರುಗಿಸಿ ಕೊಡಲು ಕಂಬದ ಕಡೆ ಬಂದರು. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಬ್ಯಾಳಿ ಖರೇನ ನೀರಾಗ್ಯಾದ."

ವಯಸ್ಸು

ಕೊನೆಯ ಒಂದೆರಡು ವರ್ಷ ಅತ್ತೆ ನನ್ನ ಹತ್ತಿರವೇ ಇದ್ದರು. ಕಾಲು ಸೋತು ಬಸ್ಸು ಹತ್ತಲು ಆಗುತ್ತಿರಲಿಲ್ಲ, ಹಾಗಾಗಿ ಸಿಟ್ಟನ್ನೆಲ್ಲ ಇಲ್ಲೇ ಖರ್ಚು ಮಾಡುತ್ತಿದ್ದರು. ಬೆಳಿಗ್ಗೆ ನಾನು ಪತ್ರಿಕೆ ಓದಿ ಹೇಳಬೇಕು. ಅದೂ ಮೊದಲು ನಿಧನ ವಾರ್ತೆ. ರಾಜಕೀಯದವರದು ನಾಳೆಯೂ ಇರುತ್ತದೆ, ಸತ್ತವರದು ಇವತ್ತೊಂದೇ ದಿನ ಅನ್ನುತ್ತಿದ್ದರು.

ಒಂದು ದಿನ ಕೇಳಿದರು, "ನಂದು ಪೇಪರಿನ್ಯಾಗ ಹಾಕಿಸಿದರ ವಯಸ್ಸು ಎಷ್ಟು ಹಾಕಸ್ತೀ?"

"ನೀವು ಯಾವಾಗಲೂ ಹೇಳ್ತೀರಲ್ರಿ ಅತ್ತಿ, ಎಪ್ಪತ್ತು."

"ಹುಚ್ಚಿ. ತೊಂಬತ್ತು ಹಾಕಸು."

"ಇಷ್ಟು ದಿನ ಎಪ್ಪತ್ತರ ಮ್ಯಾಲ ಒಂದು ದಿನಾನೂ ಏರಲಿಲ್ಲ, ಈಗ ಒಮ್ಮೆಲೇ ತೊಂಬತ್ತೇನ್ರಿ?"

"ಇರೂತನಕ ಕಮ್ಮಿ ಹೇಳಬೇಕು, ಹೋದ ಮ್ಯಾಲ ಜಾಸ್ತಿ ಹೇಳಬೇಕು. ಎಪ್ಪತ್ತಕ್ಕ ಹೋದಳು ಅಂದ್ರ ಸೊಸಿ ಕೂಳು ಹಾಕಲಿಲ್ಲ ಅಂತಾರ ಮಂದಿ. ತೊಂಬತ್ತು ಅಂದ್ರ ಚಲೋ ನೋಡ್ಕೊಂಡಳು ಅಂತಾರ."

ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಅತ್ತೆ ಅದನ್ನು ಬೆರಳಿನಿಂದ ತಟ್ಟಿದರು. "ಮಂದಿ ಅಂತಾರ ಅಂದೆ. ನಾ ಅಂದಿಲ್ಲ."

ಕಾಗೆ

ಅತ್ತೆ ಹೋದರು. ಪತ್ರಿಕೆಯಲ್ಲಿ ತೊಂಬತ್ತು ಅಂತಲೇ ಹಾಕಿಸಿದೆ.

ದಿನಕರ್ಮದ ದಿನ ಎಡೆಯ ಅಡುಗೆಯನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಹೋಳಿಗೆ, ಬೇಳೆ, ಪುಂಡಿ ಪಲ್ಯ, ಭಜಿ ಎಲ್ಲ ನನ್ನ ಕೈಯಿಂದಲೇ. ಬಸವಕಲ್ಯಾಣದ ಹೊಲದಲ್ಲಿ ಎಡೆಯಿಟ್ಟು ದೂರ ಸರಿದು ನಿಂತೆವು. ನಮ್ಮಲ್ಲಿ ಆ ಎಡೆಯನ್ನು ಕಾಗೆ ಮುಟ್ಟಬೇಕು. ತೀರಿಹೋದವರೇ ಕಾಗೆಯಾಗಿ ಬಂದು ಉಣ್ಣುತ್ತಾರೆ ಎಂಬ ನಂಬಿಕೆ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಅಂತ ಅರ್ಥ.

ಬೇವಿನ ಮರದಲ್ಲಿ ಒಂದು ಕಾಗೆ ಕೂತಿತ್ತು. ಎಡೆಯನ್ನು ಒಮ್ಮೆ ನೋಡಿ ಮುಖ ಆ ಕಡೆ ತಿರುಗಿಸಿತು.

"ಏನೋ ಆಸೆ ಉಳದದ. ಒಬ್ಬೊಬ್ಬರು ಮಾತು ಕೊಡ್ರಿ," ಅಂದರು ಊರ ಹಿರಿಯರೊಬ್ಬರು.

ಭಾವ ಮುಂದೆ ಬಂದು ಕೈ ಮುಗಿದರು. "ಅವ್ವಾ, ಇವತ್ತಿನಿಂದ ಗುಟ್ಕಾ ಬಿಡ್ತೀನಿ."

ಕಾಗೆ ಇನ್ನೊಂದು ಕೊಂಬೆ ಮೇಲಕ್ಕೆ ಹೋಯಿತು. ಮಗನ ಮಾತು ಗೊತ್ತಿದ್ದ ತಾಯಿ.

"ಅತ್ತೀ, ಇನ್ನ ಮ್ಯಾಲ ಚಹಾ ಬಿಸೀನೇ ಕೊಡ್ತೀನ್ರಿ," ಅಂದರು ಹಿರಿಯ ಸೊಸೆ. ಕಾಗೆ ಅಲುಗಲಿಲ್ಲ.

ನನ್ನ ಗಂಡ ಮೆಲ್ಲಗೆ, "ಅದು ಯಾವ ಕಾಗಿಯೋ ಏನೋ, ಅವ್ವ ಹೌದೋ ಅಲ್ಲೋ," ಅಂದರು.

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಜೀವನಪೂರ್ತಿ ಆಯಿತು, ಈಗಲೂ ನನ್ನ ಎಲೆಯ ಮುಂದೆ ಮುಖ ತಿರುಗಿಸುವುದೇ? ಮರದ ಕೆಳಗೆ ಹೋಗಿ ನಿಂತೆ.

"ಅತ್ತೀ, ಚಲೋ ಅದ ಅನ್ನಬ್ಯಾಡ್ರಿ. ನಾ ಇನ್ನ ಕೇಳಂಗಿಲ್ಲ. ಹೆಸರಿಡಾಕರ ಒಂದು ತುತ್ತು ಉಣ್ಣಬೇಕಲ್ರಿ!"

ಕಾಗೆ ಇಳಿಯಿತು. ನೇರ ಎಲೆಗೆ ಬಂದು ಹೋಳಿಗೆ ಮುರಿಯಿತು, ಬೇಳೆಗೆ ಕೊಕ್ಕು ಹಾಕಿತು, ಪುಂಡಿ ಪಲ್ಯ ತಿಂದಿತು. ಒಂದೂ ಬಿಡಲಿಲ್ಲ. ಹೆಂಗಸರು ಗೊಳೋ ಅಂದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಎದೆ ಉಬ್ಬಿಸಿ ನಿಂತೆ. ಅತ್ತೆ ನನ್ನ ಅಡುಗೆಯನ್ನು ಒಂದು ಮಾತೂ ಆಡದೆ ಹೊಟ್ಟೆತುಂಬ ಉಂಡಿದ್ದರು. ಕೊನೆಗೂ ಗೆದ್ದೆ ಅನ್ನಿಸಿತು.

ಕಾಗೆ ಹಾರಿ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತಿತು. ಕೊಕ್ಕನ್ನು ಕಲ್ಲಿಗೆ ಆ ಕಡೆ ಈ ಕಡೆ ಒರೆಸಿತು. ಆಮೇಲೆ ಕತ್ತು ಓರೆ ಮಾಡಿ, ಅಷ್ಟು ಜನರ ನಡುವೆ ನನ್ನನ್ನೇ ನೋಡುತ್ತ ಕಾ, ಕಾ, ಕಾ ಅಂತ ಶುರು ಮಾಡಿದ್ದು ನಿಲ್ಲಿಸಲೇ ಇಲ್ಲ.

ನನ್ನ ಗಂಡ ಗಡಬಡಿಸಿ ಚಪ್ಪಲಿ ಬಿಟ್ಟು ಎರಡೂ ಕೈ ಮುಗಿದರು.

"ಅವ್ವನೇ. ಇನ್ನ ಅನುಮಾನ ಬ್ಯಾಡ. ಹೆಸರಿಡಾಕತ್ತಾಳ."