ಕಾಲುಸಂಕಕ್ಕೊಂದು ಪೀಠಿಕೆ

ಪೀಠಿಕೆ ಬರೆಯುವುದೇನು ಮಹಾ ಕೆಲಸ ಎಂದು ನಾನು ತಿಳಿದಿದ್ದೆ. ವರದಿಯಲ್ಲಿ ತಲೆನೋವಿನ ಭಾಗವೆಲ್ಲ ಆಮೇಲೆ ಬರುತ್ತದೆ. ನಕ್ಷೆ, ಅಳತೆ, ಅಂದಾಜು ಇತ್ಯಾದಿ. ಪೀಠಿಕೆಯೆಂದರೆ ಬಾಳೆಲೆಯ ತುದಿಗೆ ಮೊದಲು ಬಡಿಸುವ ಉಪ್ಪು. ಉಪ್ಪು ಬಡಿಸಲು ಬಾರದ ಹೆಂಗಸು ಯಾರಿದ್ದಾರೆ? ಹೀಗೆಂದುಕೊಂಡೇ ಒಪ್ಪಿಕೊಂಡೆ!

ನಮ್ಮದು ಅಡ್ಡಗದ್ದೆಯಿಂದ ಇನ್ನೂ ಒಳಗಿರುವ, ನಾಲ್ಕೇ ಮನೆಗಳ ಪುಟ್ಟ ಊರು. ಮಧ್ಯದಲ್ಲಿ ಹಳ್ಳ. ನಮ್ಮ ಮನೆ ಮತ್ತು ಮಂಜಪ್ಪ ಭಾವನ ಮನೆ ರಸ್ತೆಯಿರುವ ದಡದಲ್ಲಿ. ಕಮಲಕ್ಕ ಮತ್ತು ಸುಬ್ಬಣ್ಣನ ಮನೆಗಳು ಆಚೆ ದಡದಲ್ಲಿ. ನಡುವೆ ಒಂದು ಕಾಲುಸಂಕ. ಅಡಿಯಲ್ಲಿ ಎರಡು ದಪ್ಪ ದಿಮ್ಮಿ, ಮೇಲೆ ಅಡಿಕೆ ಮರ ಸೀಳಿದ ದಬ್ಬೆಗಳು, ಎರಡು ಕಡೆ ಕಲ್ಲು ಕಟ್ಟಣೆ. ಹಿಡಿದುಕೊಳ್ಳಲು ಏನೂ ಇಲ್ಲ, ದೇವರನ್ನು ಬಿಟ್ಟರೆ. ‘ಹ್ಯಾಗೂ ಹೊಸ ಸೇತುವೆ ಬರ್ತದೆ’ ಎಂಬ ಭರವಸೆಯಲ್ಲಿ ಈಚೆಗೆ ಯಾರೂ ಅದನ್ನು ರಿಪೇರಿ ಮಾಡಿರಲಿಲ್ಲ.

ಕಮಲಕ್ಕನಿಗೆ ಮೊಣಕಾಲಿನ ಆಪರೇಷನ್ ಆದ ಮೇಲೆ ಕಷ್ಟ ಶುರುವಾಯಿತು. ಶಿವಮೊಗ್ಗದಿಂದ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು ಸಂಕ ದಾಟಿಸಿದರು. ಅಂದಿನಿಂದ ಅವರು ಈ ದಡ ಕಂಡಿಲ್ಲ. ಡಾಕ್ಟರು ದಿನಾ ನಡೀರಿ ಅಂದಿದ್ದಾರೆ. ನಡೆಯುವುದೆಲ್ಲಿಗೆ? ಅಂಗಳದಲ್ಲಿ ಸುತ್ತು ಹಾಕಿ ಹಾಕಿ ಸಾಕಾಗಿ, ‘ಗಾಣದ ಎತ್ತಾದೆ ಮಾರಾಯ್ತಿ’ ಎಂದು ನನಗೆ ಫೋನಿನಲ್ಲಿ ಹೇಳಿಕೊಂಡು ಅತ್ತರು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಈ ಊರಿನ ಅಡುಗೆ, ಆಚಾರ ಎಲ್ಲ ಕಲಿಸಿದವರು. ಅವರು ಅತ್ತರೆ ನನಗೆ ತಡೆಯುವುದಿಲ್ಲ.

ಹಾಗಾಗಿ ಸೇತುವೆ ಬೇಡಿಕೆಗೆ ಜೀವ ಬಂತು. ಸಂಬಂಧಪಟ್ಟ ಕಚೇರಿಯವರು (ಹೆಸರು ಬೇಡ, ಇದರಲ್ಲಿ ಅವರದೇನೂ ತಪ್ಪಿಲ್ಲ), “ಬರೀ ಅರ್ಜಿ ಸಾಲದು, ಕ್ರಮವಾಗಿ ಒಂದು ವರದಿ ಕೊಡಿ. ಪೀಠಿಕೆ, ಈಗಿನ ಸ್ಥಿತಿ, ಬೇಡಿಕೆ” ಎಂದರು. ಬೇಡಿಕೆ ಮತ್ತು ನಕ್ಷೆ ನಮ್ಮನೆಯವರಿಗೆ. ಈಗಿನ ಸ್ಥಿತಿ ಮಂಜಪ್ಪ ಭಾವನಿಗೆ. ದನ ಗಬ್ಬವಾದದ್ದರಿಂದ ಹಿಡಿದು ಗ್ಯಾಸ್ ಸಿಲಿಂಡರ್ ಬಂದದ್ದರ ತನಕ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು ನಾನು. ಆದ್ದರಿಂದ ಪೀಠಿಕೆ ನನಗೆ.

ಅಕ್ಕಿ ನೆನೆಹಾಕಿ ಬಂದು ಕೂತವಳು ಒಂದೇ ಉಸಿರಿಗೆ ಬರೆದು ಮುಗಿಸಿದೆ. ‘ನಮ್ಮ ಊರಿನ ಕಾಲುಸಂಕ ಹಾಳಾಗಿದೆ. ವಯಸ್ಸಾದವರು ದಾಟಲು ಆಗುತ್ತಿಲ್ಲ. ಹೊಸ ಸೇತುವೆ ಬೇಕು.’ ಹೆಮ್ಮೆಯಿಂದ ನಮ್ಮನೆಯವರ ಮುಂದೆ ಹಿಡಿದೆ.

“ಇದೆಂಥದೇ?”

“ಪೀಠಿಕೆ.”

“ಇದು ಪೀಠಿಕೆಯಾ? ಕಾಲು ತೊಳೆಯೋಕೆ ಮುಂಚೆ ಬಂದು ಎಲೆ ಮುಂದೆ ಕೂತ ಹಾಗಿದೆ! ಸಂಕ ಯಾವಾಗಿಂದು, ಯಾರು ಹಾಕಿದ್ದು, ಎಂಥ ಕತೆ, ಏನೂ ಇಲ್ಲ. ಹಿನ್ನೆಲೆ ಬೇಡ್ವಾ?”

ಮಾತು ಸರಿ ಕಂಡಿತು. ನಮ್ಮ ಕಡೆ ಪಕ್ಕದ ಮನೆಗೆ ಮೊಸರಿಗೆ ಹೆಪ್ಪು ಕೇಳಲು ಹೋದರೂ ಮೊದಲು ಕುಶಲ, ಆಮೇಲೆ ಕಾಫಿ, ಆಮೇಲೆ ನೆಂಟರ ಸುದ್ದಿ, ಹೊರಡುವಾಗ ಹೊಸಿಲಲ್ಲಿ ನಿಂತು “ಹಾಂ, ಮರೆತೇ ಹೋಯ್ತು ನೋಡಿ” ಎಂದು ಹೆಪ್ಪು. ಅಂಥದ್ದರಲ್ಲಿ ಸರ್ಕಾರದ ಹತ್ತಿರ ನೇರವಾಗಿ ಸೇತುವೆ ಕೇಳುವುದೇ! ನಾಚಿಕೆಯಾಯಿತು. ಹಿನ್ನೆಲೆ ಸಂಗ್ರಹಿಸಲು ಹೊರಟೆ.

ಮೊದಲು ಕಮಲಕ್ಕನ ಮನೆ. ಸಂಕದ ಮೇಲೆ ಕುಕ್ಕರುಗಾಲಲ್ಲಿ ಸರಿಯುತ್ತ, ಒಂದು ಚಪ್ಪಲಿಯನ್ನು ಹಳ್ಳಕ್ಕೆ ಅರ್ಪಿಸಿ, ಆಚೆ ದಡ ಸೇರಿದೆ.

“ಬಾ ಬಾ ವನಜಾ. ಬರ್ಕೋ. ಆ ದಿಮ್ಮಿ ಹಾಕ್ಸಿದ್ದು ನಮ್ಮ ಮಾವಯ್ಯ. ಎಂಥ ದಿಮ್ಮಿ ಅಂತಿ! ಆನೆ ನಡೆದ್ರೂ ಅಲುಗಾಡದಿಲ್ಲ.”

“ಅಕ್ಕಾ, ಈಗ ಅಲುಗಾಡ್ತದಲ್ಲ?”

“ಯಾರೇ ಹೇಳಿದ್ದು? ಅಲುಗಾಡೋದು ನನ್ನ ಕಾಲು. ದಿಮ್ಮಿ ಅಲ್ಲ! ಅಲುಗಾಡ್ತದೆ ಅಂತ ಬರೆದ್ಯೋ, ನಾನು ಸೈನ್ ಹಾಕದಿಲ್ಲ ನೋಡು.”

ಅವರಿಗಾಗಿಯೇ ಬರೆಯುತ್ತಿರುವ ವರದಿಗೆ ಅವರ ಸಹಿಯೇ ಇಲ್ಲದಿದ್ದರೆ ಹೇಗೆ? ಬರೆದೆ: ‘ಆನೆಯ ಭಾರಕ್ಕೂ ಅಲುಗದ ದಿಮ್ಮಿಗಳು.’

ಸುಬ್ಬಣ್ಣನ ಮನೆಯಲ್ಲಿ ಕಲ್ಲು ಕಟ್ಟಣೆಯ ವಿಚಾರ ಬಂತು. ಅದನ್ನು ಕಟ್ಟಿದ್ದು ಅವರ ಅಜ್ಜ. ಮೂಲೆಯ ಕಲ್ಲೊಂದು ಜಾರಿದೆಯಲ್ಲ ಎಂದು ಮೆಲ್ಲಗೆ ಕೇಳಿದೆ.

“ಜಾರಿಲ್ಲ ತಂಗಿ. ಆ ಕಲ್ಲು ಮೊದಲಿಂದ್ಲೂ ಹಾಗೇ ಕೂತದ್ದು. ಅದರ ಸ್ವಭಾವವೇ ಅದು” ಎಂದರು ಸುಬ್ಬಣ್ಣ.

ಮನುಷ್ಯರ ಸ್ವಭಾವಕ್ಕೇ ಹೊಂದಿಕೊಂಡು ಬದುಕಿದವಳು ನಾನು. ಕಲ್ಲಿನ ಸ್ವಭಾವಕ್ಕೆ ಆಕ್ಷೇಪಿಸಲಿಲ್ಲ. ಬರೆದೆ: ‘ಭದ್ರವಾದ ಕಲ್ಲು ಕಟ್ಟಣೆ.’

ಉಳಿದದ್ದು ದಬ್ಬೆ. ದಬ್ಬೆ ಹಾಕಿಸುತ್ತಿದ್ದುದು ಮಂಜಪ್ಪ ಭಾವ. ದಬ್ಬೆ ಕೊಳೆತು ಕುಂಬಾಗಿದೆ ಎಂದು ಬರೆಯುತ್ತೇನೆ ಎಂದೆ. ಭಾವನ ಮುಖ ಸಣ್ಣದಾಯಿತು.

“ಹಾಗೆ ಬರೆದ್ರೆ ತಪ್ಪು ಯಾರ ತಲೆ ಮೇಲೆ ಬರ್ತದೆ ಮಾರಾಯ್ತಿ? ನನ್ನ ಮೇಲಲ್ವಾ? ಸ್ವಲ್ಪ ಮೆತ್ತಗಾಗಿದೆ ಅಂತ ಬರಿ.”

ಪರಸ್ಪರ ಚರ್ಚೆಯ ನಂತರ ಸರ್ವಸಮ್ಮತವಾದ ವಾಕ್ಯ ಹೀಗೆ ರೂಪುಗೊಂಡಿತು: ‘ಮೇಲ್ಭಾಗವು ಪಾದಗಳಿಗೆ ಹಿತವಾಗುವಷ್ಟು ಮೃದುವಾಗಿದೆ.’

ಮನೆಗೆ ಬಂದು ಎಲ್ಲವನ್ನೂ ಜೋಡಿಸಿ ಗಟ್ಟಿಯಾಗಿ ಓದಿದೆ. ನಮ್ಮನೆಯವರು ಕಣ್ಣು ಮುಚ್ಚಿ ಕೇಳಿದರು. ಈಗ ಸುಳಿವು ಹತ್ತುತ್ತದೆ, ಈಗ ಎಡವಟ್ಟು ಹಿಡಿಯುತ್ತಾರೆ ಎಂದು ನೀವು ಅಂದುಕೊಳ್ಳಬಹುದು. ಕಣ್ಣು ತೆರೆದು ಅವರು ಕೇಳಿದ್ದು ಇಷ್ಟು:

“ಎಲ್ಲರ ಮನೆಯವರೂ ಇದಾರೆ. ನಮ್ಮ ಅಜ್ಜನ ಹೆಸರೇ ಇಲ್ವಲ್ಲ?”

“ನಿಮ್ಮಜ್ಜ ಸಂಕಕ್ಕೆ ಏನು ಮಾಡಿದಾರೆ?”

“ಮಾಡೋದೆಂಥದು? ಅಕ್ಕಿ ಮೂಟೆ ಹೊತ್ಕೊಂಡು, ಬಾಯಲ್ಲಿ ಎಲೆಅಡಿಕೆ ಕವಳ ಹಾಕ್ಕೊಂಡು, ಕತ್ತಲಲ್ಲಿ ದಾಟ್ತಿದ್ರು!”

ಅಜ್ಜನೂ ಮೂಟೆ ಸಮೇತ ಪೀಠಿಕೆ ಸೇರಿದರು. ಪೀಠಿಕೆ ಪುಟಗಟ್ಟಲೆ ಬೆಳೆದು ನಿಂತಿತು. ಅದನ್ನು ಓದಿದ ಮಂಜಪ್ಪ ಭಾವ ‘ಈಗಿನ ಸ್ಥಿತಿ’ ಎಂಬ ತಮ್ಮ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು: ‘ಪೀಠಿಕೆಯಲ್ಲಿ ವಿವರಿಸಿದಂತೆಯೇ ಇದೆ.’

ಎಲ್ಲರೂ ನಗುನಗುತ್ತ ಸಹಿ ಹಾಕಿದರು. ನಮ್ಮೂರಿನಲ್ಲಿ ಯಾವ ವಿಷಯಕ್ಕೂ ಇಷ್ಟು ಒಗ್ಗಟ್ಟು ಬಂದದ್ದನ್ನು ನಾನು ಕಂಡಿಲ್ಲ.

ಕೆಲವು ವಾರಗಳ ಮೇಲೆ ಫೋನ್ ಬಂತು. ಇಂಜಿನಿಯರ್ ಮೇಡಂ ಬುಧವಾರ ಸ್ಥಳ ನೋಡಲು ಬರುತ್ತಾರೆ! ಅಲ್ಲಿಗೆ ನಮ್ಮ ನಾಲ್ಕೂ ಮನೆಗಳು ಮದುವೆಮನೆಗಳಾದವು. ಮನೆಗೆ ನೆಂಟರು ಬರುತ್ತಾರೆಂದರೆ ಅಂಗಳ ಸಾರಿಸದೆ ಇರುವ ಜಾತಿಯವರಲ್ಲ ನಾವು.

“ಪಾಪ, ಬೂಟು ಹಾಕ್ಕೊಂಡು ಬರೋ ಹುಡುಗಿ. ಜಾರಿಗೀರಿ ಬಿದ್ರೆ ಊರಿಗೇ ಕೆಟ್ಟ ಹೆಸರು” ಎಂದೆ ನಾನು.

ಹೌದು, ನಾನೇ ಅಂದದ್ದು. ಇನ್ನೊಬ್ಬರ ಮೇಲೆ ಹಾಕಲು ನೋಡಿದೆ, ಯಾರೂ ಸಿಕ್ಕಲಿಲ್ಲ.

ಮಂಗಳವಾರ ಬೆಳಗ್ಗೆಯೇ ಕೆಲಸ ಶುರು. ಭಾವ ಕುಂಬಾದ ದಬ್ಬೆಗಳನ್ನೆಲ್ಲ ಕಿತ್ತು ಹೊಸತು ಹಾಕಿಸಿದರು. ಸುಬ್ಬಣ್ಣ ಸ್ವಭಾವ ಕೆಟ್ಟಿದ್ದ ಕಲ್ಲನ್ನು ಹಾರೆ ಹಾಕಿ ಸರಿಯಾಗಿ ಕೂರಿಸಿದರು. ನಮ್ಮನೆಯವರು ಎರಡೂ ಕಡೆ ಬಿದಿರಿನ ಗಳ ಕಟ್ಟಿ ಹಿಡಿದುಕೊಳ್ಳಲು ಅನುಕೂಲ ಮಾಡಿದರು. ನಾನು ಕಾಫಿ ಕೊಡುತ್ತ, “ಅಲ್ಲಿ ಇನ್ನೊಂದು ಗಂಟು ಬಿಗೀರಿ, ಇಲ್ಲಿ ಸ್ವಲ್ಪ ಮರಳು ಹಾಕಿ” ಎಂದು ಉಸ್ತುವಾರಿ ನೋಡಿಕೊಂಡೆ. ಸಂಜೆ ಎಲ್ಲರೂ ದಡದಲ್ಲಿ ನಿಂತು ನೋಡಿದೆವು. ಎಷ್ಟು ಚಂದ ಕಾಣುತ್ತಿತ್ತು!

ಬುಧವಾರ ಮೇಡಂ ಬಂದರು. ನಮ್ಮ ಮಗಳ ವಯಸ್ಸಿನ ಹುಡುಗಿ. ಮೊದಲು ಒತ್ತು ಶ್ಯಾವಿಗೆ, ಕಾಯಿಹಾಲು. ಬೇಡ ಬೇಡ ಎಂದರೂ ಇನ್ನೊಂದು ಸಲ ಬಡಿಸಿದೆ. ಆಮೇಲೆ ಸಂಕ. ಆಕೆ ನಡುಮಧ್ಯ ನಿಂತು ಎರಡು ಸಲ ಕುಪ್ಪಳಿಸಿ ನೋಡಿದರು. ಅಲುಗಲಿಲ್ಲ. ನನ್ನ ಎದೆಯಲ್ಲಿ ಮಾತ್ರ ಏನೋ ಅಲುಗಿದಂತಾಯಿತು.

ಆಚೆ ದಡದಲ್ಲಿ ಕಮಲಕ್ಕನನ್ನು ಕುರ್ಚಿ ಹಾಕಿ ಕೂರಿಸಿದ್ದೆವು. ನಮ್ಮ ಕೊನೆಯ ಅಸ್ತ್ರ ಅವರೇ. ಮೇಡಂ ಕೇಳಿದರು:

“ಅಜ್ಜೀ, ಇದನ್ನ ದಾಟೋದಕ್ಕೆ ನಿಮಗೆ ತುಂಬ ಕಷ್ಟ ಆಗುತ್ತಂತಲ್ಲ?”

ನಾನು ಈ ದಡದಿಂದ, ಹೂಂ ಅನ್ನಿ ಎಂದು ಕಣ್ಣು, ಕೈ, ಕತ್ತು ಎಲ್ಲ ಆಡಿಸಿದೆ. ಆದರೆ ಕಮಲಕ್ಕನ ಕಣ್ಣು ಮೇಡಂ ನಿಂತಿದ್ದ ದಿಮ್ಮಿಯ ಮೇಲಿತ್ತು. ಮಾವಯ್ಯನ ದಿಮ್ಮಿ!

“ಕಷ್ಟವಾ? ಯಾರಿಗೆ? ಮದುವೆಯಾಗಿ ಬಂದಾಗಿಂದ ಇದ್ರ ಮೇಲೇ ಓಡಾಡಿದವಳು ನಾನು ಮಗಾ. ನೋಡು ಬೇಕಾದ್ರೆ!”

ಎದ್ದರು. ಸೆರಗು ಸಿಕ್ಕಿಸಿದರು. ಬಿದಿರಿನ ಗಳ ಹಿಡಿದರು. ಒಂದೊಂದೇ ಹೆಜ್ಜೆ ಇಟ್ಟು, ಮೇಡಂ ಪಕ್ಕದಲ್ಲೇ ಹಾದು, ಈ ದಡಕ್ಕೆ ಬಂದು ನನ್ನ ಹೆಗಲು ಹಿಡಿದು ನಿಂತರು. ಅವರ ಮುಖ ತೇರೆಳೆದು ಬಂದವರ ಹಾಗಿತ್ತು.

ನಾವೆಲ್ಲ ಏನು ಮಾಡಿದೆವು ಗೊತ್ತೆ? ಚಪ್ಪಾಳೆ ತಟ್ಟಿದೆವು! ಮಂಜಪ್ಪ ಭಾವ ಕಣ್ಣೊರೆಸಿಕೊಂಡರು. ನಾನಂತೂ ಅತ್ತೇಬಿಟ್ಟೆ. ಮೇಡಂ ಕೂಡ ಚಪ್ಪಾಳೆ ತಟ್ಟಿ, ಆಮೇಲೆ ಪೆನ್ನು ತೆಗೆದು ಏನೋ ಬರೆದುಕೊಂಡರು.

ಬರೆದದ್ದೇನೆಂಬುದು ಉತ್ತರ ಬಂದಾಗ ತಿಳಿಯಿತು. ‘ಪೀಠಿಕೆಯಲ್ಲಿ ತಿಳಿಸಿರುವ ಎಲ್ಲ ಅಂಶಗಳೂ ಸ್ಥಳ ಪರಿಶೀಲನೆಯಲ್ಲಿ ಸತ್ಯವೆಂದು ಕಂಡುಬಂದಿವೆ. ಆದ್ದರಿಂದ ಸದ್ಯಕ್ಕೆ ಹೊಸ ಸೇತುವೆಯ ಅಗತ್ಯವಿರುವುದಿಲ್ಲ.’

ನಮ್ಮನೆಯವರು ಕಾಗದವನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. “ಅಜ್ಜನ ಹೆಸರು ಬರೆದ್ರೆ ಸಾಕಿತ್ತು. ಮೂಟೆ ಯಾಕೆ ಬರೆಯೋಕೆ ಹೋದೆ?” ಎಂದರು. ತಪ್ಪೆಲ್ಲ ಮೂಟೆಯದು!

ಕಮಲಕ್ಕ ಈಗ ದಿನಾ ಸಂಕ ದಾಟಿ ನಮ್ಮ ಜಗಲಿಗೆ ಬರುತ್ತಾರೆ. ಡಾಕ್ಟರು ಹೇಳಿದ ನಡಿಗೆಯೂ ಆಯಿತು, ಕಾಫಿಯೂ ಆಯಿತು. ಆದರೆ ಬಿದಿರಿನ ಗಳ ಎಷ್ಟು ದಿನ? ಮಳೆಗಾಲದ ಮೊದಲ ನೆರೆಗೆ ಅದು ಹಳ್ಳದಲ್ಲಿ ತೇಲಿ ತುಂಗೆಯ ಪಾಲು. ಅವರು ಮತ್ತೆ ಆಚೆ ದಡದ ಪಾಲು. ಆದ್ದರಿಂದ ಹೊಸ ವರದಿ ತಯಾರಾಗುತ್ತಿದೆ. ಈ ಸಲ ಬರೆಯುತ್ತಿರುವುದು ನಮ್ಮ ಮಗಳು, ಪೀಠಿಕೆ ಎರಡೇ ಸಾಲು.

ನನ್ನನ್ನೇನೂ ಕೈಬಿಟ್ಟಿಲ್ಲ. ಸಭೆ ಸೇರಿ ನನಗೂ ಒಂದು ಜವಾಬ್ದಾರಿ ವಹಿಸಿದ್ದಾರೆ. ಮೇಡಂ ಸ್ಥಳ ನೋಡಲು ಬರುವ ದಿನ ನಾನು ಕಮಲಕ್ಕನನ್ನು ಕರೆದುಕೊಂಡು, ಕಿಗ್ಗದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿ ಕೂರಬೇಕು. ಮೇಡಂ ವಾಪಸು ಹೋದರು ಎಂದು ಫೋನ್ ಬರುವ ತನಕ ಏಳಬಾರದು.

ಇದು ನನ್ನ ಯೋಗ್ಯತೆಗೆ ತಕ್ಕ ಕೆಲಸ ಎಂದು ಸಭೆ ಒಮ್ಮತದಿಂದ ಅಭಿಪ್ರಾಯಪಟ್ಟಿದೆ. ನಾನೂ ಸಹಿ ಹಾಕಿದ್ದೇನೆ.