ನಾಲ್ಕನೆಯ ಬಗೆ

ಮೇಷ್ಟ್ರ ಹೆಮ್ಮೆಗೆಲ್ಲ ಮೂಲ ಒಂದು ಪ್ರಶ್ನೆಪತ್ರಿಕೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತರ್ಕ ಮಾಡುವ ರೀತಿಯನ್ನು ಅಳೆಯಲು ಎರಡು ವರ್ಷ ತಲೆ ಕೆಡಿಸಿಕೊಂಡು ಅದನ್ನು ತಯಾರಿಸಿದ್ದರು. ತರ್ಕ ಮಾಡುವವರಲ್ಲಿ ನಾಲ್ಕು ಬಗೆ ಎಂಬುದು ಅವರ ಸಿದ್ಧಾಂತ: ಹಂತ ಹಂತವಾಗಿ ಹೋಗುವವರು, ಹೋಲಿಸಿ ನೋಡುವವರು, ಎಲ್ಲವನ್ನೂ ಅನುಮಾನಿಸುವವರು, ಮತ್ತು ತೀರ್ಮಾನ ಮೊದಲು ಮಾಡಿ ಕಾರಣ ಆಮೇಲೆ ಹುಡುಕುವವರು.

ಸಂಜೆ ನಾಲ್ಕಕ್ಕೆ ವಿಭಾಗದ ಮುಖ್ಯಸ್ಥರ ಮುಂದೆ ವರದಿ ಒಪ್ಪಿಸಬೇಕು. ಅವರು ಮೆಚ್ಚಿದರೆ ಹನ್ನೊಂದು ವರ್ಷದಿಂದ ಕೈಗೆಟುಕದ ಬಡ್ತಿ. ಮಧ್ಯಾಹ್ನವಾದರೂ ನಾಲ್ಕನೆಯ ಬಗೆಯವರು ಒಬ್ಬರೂ ಸಿಕ್ಕಿರಲಿಲ್ಲ.

"ಮೂರೇ ಬಗೆ ಅಂತ ಬರೆದ್ಬಿಡಿ ಸಾರ್, ಯಾರು ಎಣಿಸ್ತಾರೆ?" ಎಂದರು ಗ್ರಂಥಪಾಲಕರು.

"ನಾಲ್ಕು ಇದ್ದೇ ಇದೆ! ಸಿಕ್ಕಿಲ್ಲ ಅಂದ್ರೆ ಅಷ್ಟು ಚೆನ್ನಾಗಿ ಅಡಗಿಕೊಂಡಿದ್ದಾರೆ ಅಂತ ಅರ್ಥ."

ಅಷ್ಟರಲ್ಲಿ ಟೈಪಿಸ್ಟ್ ಕೊನೆಯ ಕಟ್ಟು ತಂದಿಟ್ಟಳು. ಅಕ್ಷರದ ಅಂದ ನೋಡಿ ಮನಸ್ಸು ವಾಲಬಾರದೆಂದು ಮೇಷ್ಟ್ರು ಎಲ್ಲ ಉತ್ತರಗಳನ್ನೂ ಹೆಸರಿಲ್ಲದೆ ಟೈಪ್ ಮಾಡಿಸಿದ್ದರು. ಈ ಕಟ್ಟುನಿಟ್ಟನ್ನು ದಿನಕ್ಕೆ ಮೂವರಿಗಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಕಟ್ಟಿನ ಕೊನೆಯ ಹಾಳೆ ಓದಿದವರೇ ಕುರ್ಚಿ ಬೀಳಿಸಿಕೊಂಡು ಎದ್ದರು.

ನಾಲ್ಕಕ್ಕೆ, ವಿಭಾಗದವರೆಲ್ಲ ಸೇರಿದ್ದ ಕೋಣೆಯಲ್ಲಿ, ಮುಖ್ಯಸ್ಥರ ಮುಂದೆ ಎದೆಯುಬ್ಬಿಸಿ ಓದಿದರು: "ಪ್ರಶ್ನೆ, ನಿಮ್ಮ ಕೊಡೆ ಕಾಣೆಯಾಗಿದೆ, ಯಾರನ್ನು ಸಂಶಯಿಸುವಿರಿ? ಉತ್ತರ, ಪಕ್ಕದ ಮನೆಯವರೇ ಕದ್ದದ್ದು. ಕೊಡೆ ಅವರ ಮನೆಯಲ್ಲಿದ್ದರೆ ಅದೇ ಸಾಕ್ಷಿ. ಇಲ್ಲದಿದ್ದರೆ ಮಾರಿದ್ದಾರೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ಮೇಷ್ಟ್ರೇ ನಕ್ಕರು.

"ಭೇಷ್! ನಿಮ್ಮ ಬಡ್ತಿಗೆ ನಾನೇ ಬರೀತೀನಿ," ಎಂದರು ಮುಖ್ಯಸ್ಥರು. "ಈ ಮಹಾನುಭಾವನ್ನ ಒಂದ್ಸಲ ನೋಡ್ಬೇಕಲ್ಲ, ಕರೆಸಿ."

ಟೈಪಿಸ್ಟ್ ಮೂಲ ಹಾಳೆ ಹುಡುಕಿ ತೆಗೆದಳು. ಹಾಳೆಯ ತುಂಬ ಹಸಿರು ಶಾಯಿ. ಅವಳ ಮುಖ ಸಣ್ಣಗಾಯಿತು. "ಸಾರ್, ಎಷ್ಟು ಹೊತ್ತು ಹಿಡಿಯುತ್ತೆ ನೋಡೋಣ ಅಂತ ಎರಡು ತಿಂಗಳ ಹಿಂದೆ ನೀವೇ ಒಂದು ಪತ್ರಿಕೆ ತುಂಬಿದ್ರಲ್ಲ... ಅದೂ ಈ ಕಟ್ಟಿನೊಳಗೆ ಸೇರಿಹೋಗಿದೆ."

ಎಲ್ಲರ ಕಣ್ಣೂ ಮೇಷ್ಟ್ರ ಜೇಬಿನ ಹಸಿರು ಪೆನ್ನಿನ ಮೇಲೆ ನೆಟ್ಟವು.

"ಸಾಧ್ಯವೇ ಇಲ್ಲ!" ಎಂದು ಮೇಷ್ಟ್ರು ಗುಡುಗಿದರು. "ಅಕ್ಷರ ನನ್ನ ಹಾಗಿಲ್ಲದಿದ್ರೆ ಅದು ನಂದಲ್ಲ. ನನ್ನ ಹಾಗೇ ಇದ್ರೆ ಯಾರೋ ನಕಲು ಮಾಡಿದ್ದಾರೆ!"

ಮುಖ್ಯಸ್ಥರು ಮೆಲ್ಲಗೆ ಕಡತ ಮುಚ್ಚಿದರು. "ಸಿದ್ಧಾಂತ ಒಪ್ಪಿದೆ ಮೇಷ್ಟ್ರೇ. ಬಡ್ತಿ ಮಾತ್ರ ಮುಂದಿನ ವರ್ಷ ನೋಡೋಣ."

ಮನೆಗೆ ಬಂದ ಮೇಷ್ಟ್ರು ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದರು: "ನಲವತ್ತು ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಬಾರದ ತರ್ಕ ಕಣೇ, ನನ್ನೊಬ್ಬನಿಗೇ ಬಂದಿರೋದು!"